ಸತ್ತದ್ದೂ ಕೆಲಸ ಮಾಡಿದೆ

‘ಸತ್ತದ್ದೂ ಕೆಲಸ ಮಾಡಿದೆ, ಮೇಡಂ.’

ಇರುವೆ ಹೀಗೆಂದಾಗ ಅವಳು ಬಿಳಿ ಕೋಟಿನ ಎರಡನೆಯ ತೋಳಿಗೆ ಕೈ ತೂರಿಸುತ್ತಿದ್ದಳು. ಕೈ ಅರ್ಧಕ್ಕೇ ನಿಂತಿತು. ಬೆಳಗಾಗೆದ್ದು ಇದೇನು ತಮಾಷೆ ಎಂದು ನಗುವುದಕ್ಕೆ ತುಟಿಯನ್ನೂ ಸಿದ್ಧ ಮಾಡಿಕೊಂಡಳು. ಆದರೆ ಇರುವೆ ತಮಾಷೆ ಮಾಡುವ ಪೈಕಿ ಅಲ್ಲ. ಗೋಡೆಯ ಅಂಚು ಹಿಡಿದು ಓಡಾಡುತ್ತ, ಒಂದು ಮೇಜಿನಿಂದ ಇನ್ನೊಂದಕ್ಕೆ ಸದಾ ಏನನ್ನೋ ಹೊರುತ್ತಿದ್ದ ಆ ಸಹಾಯಕಿಗೆ ಈ ಹೆಸರಿಟ್ಟಿದ್ದು ಅವಳೇ. ಹೆಸರು ಇಡೀ ಪ್ರಯೋಗಾಲಯಕ್ಕೆ ರೂಢಿಯಾಗಿ, ಈಗ ಸಹಾಯಕಿಯೂ ಫೋನೆತ್ತಿ ‘ನಾನು ಇರುವೆ’ ಅನ್ನುತ್ತಿದ್ದಳು. ಹೆಸರು ಹೇಳಿದ ಹಾಗೂ ಆಯ್ತು, ಇದ್ದೀನಿ ಅಂತ ಹೇಳಿದ ಹಾಗೂ ಆಯ್ತು ಎಂದು ನಗುತ್ತಿದ್ದಳು. ಈಗ ನಗುತ್ತಿರಲಿಲ್ಲ. ಎರಡೂ ಕೈಯಲ್ಲಿ ಪ್ಲಾಸ್ಟಿಕ್ ತಟ್ಟೆ ಹಿಡಿದು, ಬೇರೆಯವರ ಮನೆಯ ಪಾತ್ರೆ ಒಡೆದವಳ ಹಾಗೆ ನಿಂತಿದ್ದಳು. ಬೆರಳ ತುದಿಯಷ್ಟು ಅಗಲದ ಕುಳಿಗಳಿರುವ ತಟ್ಟೆ. ಒಂದೊಂದು ಕುಳಿಯ ತಳದಲ್ಲೂ ಮನುಷ್ಯರ ಶ್ವಾಸನಾಳದಿಂದ ತೆಗೆದು ಬೆಳೆಸಿದ ಜೀವಕೋಶಗಳ ಪದರ. ಅದರ ಮೇಲೆ ವೈರಸ್ಸು ಬಿಟ್ಟು, ಕಾದು, ನೇರಳೆ ಬಣ್ಣ ಹೊಯ್ದು ತೊಳೆದರೆ ಬದುಕಿ ಉಳಿದ ಕೋಶಗಳು ಬಣ್ಣ ಹಿಡಿದು ಕೂರುತ್ತವೆ, ಸತ್ತವು ನೀರಿನ ಜೊತೆ ಹೋಗಿ ಕುಳಿ ಬರಿದಾಗುತ್ತದೆ. ತಟ್ಟೆಗೆ ಮೂರು ಸಾಲು. ಒಂದನೆಯ ಸಾಲಿಗೆ ಬ್ಯಾಕ್ಟೀರಿಯಾದಿಂದ ತೆಗೆದ ಕಿಣ್ವ, ತೆಗೆದದ್ದು ತೆಗೆದ ಹಾಗೇ. ಅದಕ್ಕೆ ಇಲ್ಲಿ ಎಲ್ಲರೂ ‘ಬದುಕಿದ್ದು’ ಅನ್ನುವರು. ಎರಡನೆಯ ಸಾಲಿಗೆ ಅದೇ ಕಿಣ್ವವನ್ನು ಕುದಿಸಿ ಯಾವ ಕೆಲಸಕ್ಕೂ ಬಾರದಂತೆ ಮಾಡಿದ್ದು, ಅದು ‘ಸತ್ತದ್ದು’. ಮೂರನೆಯದಕ್ಕೆ ಬರೀ ಉಪ್ಪುನೀರು. ಬದುಕಿದ್ದರ ಸಾಲು ನೇರಳೆಯಾಗಬೇಕು, ಮಿಕ್ಕೆರಡು ಬರಿದಾಗಬೇಕು. ಇಷ್ಟು ವರ್ಷ ಹಾಗೇ ಆಗಿತ್ತು, ಅದನ್ನು ನೋಡೀ ನೋಡೀ ಅವಳ ತಲೆ ಹೆಮ್ಮೆಯಿಂದ ಒಂದಷ್ಟು ನೆಟ್ಟಗೂ ಆಗಿತ್ತು. ಈಗ ಎರಡನೆಯ ಸಾಲೂ ನೇರಳೆ. ಮಸುಕಲ್ಲ, ಅರೆಬರೆಯಲ್ಲ, ಒಂದನೆಯ ಸಾಲಿನಷ್ಟೇ ಗಾಢ. ಅವಳು ತಟ್ಟೆಯನ್ನು ತಿರುಗಿಸಿ ಹಿಡಿದಳು, ತಲೆಕೆಳಗು ಮಾಡಿದಳು, ಕಿಟಕಿಯ ಹತ್ತಿರ ಒಯ್ದಳು. ಕೋಟಿನ ಖಾಲಿ ತೋಳು ಬೆನ್ನ ಹಿಂದೆ ಜೋತಾಡುತ್ತಿದ್ದುದು ಅವಳಿಗೆ ಗೊತ್ತೇ ಆಗಲಿಲ್ಲ.

ಕುದಿಸಿದ್ದೆಯಾ ಎಂದು ಕೇಳಿದಳು. ಕುದಿಸಿದ್ದೆ ಎಂದಳು ಇರುವೆ. ಚೆನ್ನಾಗಿ? ಚೆನ್ನಾಗಿ, ಯಾವಾಗಿನ ಹಾಗೆ, ಒಡೆದ ಹಾಲಿನ ಹಾಗೆ ಗರಣೆ ಕಟ್ಟುವವರೆಗೆ. ಸಾಲು ಅದಲು ಬದಲಾಯಿತೋ? ಇಲ್ಲ. ಒಂದೇ ಕೊಳವೆಯನ್ನು ಎರಡಕ್ಕೂ ಅದ್ದಿದೆಯೋ? ಇಲ್ಲ ಮೇಡಂ, ಸತ್ಯವಾಗಿಯೂ ಇಲ್ಲ. ತನ್ನ ದನಿ ಕಳ್ಳನನ್ನು ಹಿಡಿದ ಪೊಲೀಸನದಾಗುತ್ತಿರುವುದು ಅವಳಿಗೇ ಕೇಳಿಸಿತು, ಆದರೂ ನಿಲ್ಲಿಸಲಾಗಲಿಲ್ಲ. ಇವಳೇ ತಪ್ಪು ಮಾಡಿರಲಿ, ಇವಳು ಒಂದೇ ಒಂದು ಸಲ ‘ಅಯ್ಯೋ, ಹೌದು’ ಅಂದುಬಿಡಲಿ, ಬೇಕಾದರೆ ನಾನೇ ಸಿಹಿ ತಂದು ತಿನ್ನಿಸುತ್ತೇನೆ ಎಂದು ಒಳಗೊಳಗೇ ಹಂಬಲಿಸಿದಳು. ಇರುವೆ ಬಹಳ ಹೊತ್ತು ಯೋಚಿಸಿ, ಒಂದೇ ಒಂದು ವ್ಯತ್ಯಾಸ ಆಯಿತು ಎಂದಳು. ಸೋಸುವ ಜಾಳಿಗೆ ಮುಗಿದುಹೋಗಿತ್ತು, ಹೊಸತು ಬಂದಿರಲಿಲ್ಲ, ಅದಕ್ಕೆ ಈ ಸಲ ಸತ್ತದ್ದನ್ನು ಸೋಸದೆ, ಗರಣೆಯ ಸಮೇತ ಚೆನ್ನಾಗಿ ಅಲುಗಾಡಿಸಿ ಹಾಕಿದೆ. ‘ಅಲ್ಲ ಮೇಡಂ, ಅದನ್ನ ಯಾಕೆ ಸೋಸ್ತಿದ್ವಿ?’

ಇರುವೆ ಕೇಳಿದ್ದು ಬರೀ ತಿಳಿದುಕೊಳ್ಳುವ ಆಸೆಗೆ, ಅದರಲ್ಲಿ ಕೊಂಕೇನೂ ಇರಲಿಲ್ಲ. ಯಾಕೆ ಸೋಸುತ್ತಿದ್ದೆವು? ಗರಣೆ ಸಣ್ಣ ಕೊಳವೆಯ ಬಾಯಿಗೆ ಸಿಕ್ಕಿಕೊಂಡು ತೊಂದರೆ ಕೊಡುತ್ತಿತ್ತು, ಅದಕ್ಕೆ. ಮೊದಮೊದಲು ಅವಳೇ ಹೇಳಿಕೊಟ್ಟಿದ್ದು, ಕುದಿಸಿ, ಸೋಸಿ, ತಿಳಿ ತಗೊಳ್ಳಿ ಎಂದು. ಮನೆಯಲ್ಲಿ ಹಾಲು ಒಡೆದರೆ ಮಾಡುವ ಹಾಗೆ. ಆಮೇಲೆ ಅದು ಯಾರೂ ಪ್ರಶ್ನಿಸದ ಕ್ರಮವಾಯಿತು, ಕೈಗೆ ರೂಢಿಯಾಯಿತು, ಬಂದವರಿಗೆಲ್ಲ ‘ನಮ್ಮಲ್ಲಿ ಸತ್ತದ್ದನ್ನ ಸೋಸ್ತೀವಿ’ ಎಂದು ಹೆಮ್ಮೆಯಿಂದಲೇ ಹೇಳಿಕೊಡಲಾಯಿತು. ಅಂದರೆ ಇಷ್ಟು ವರ್ಷ ಎರಡನೆಯ ಸಾಲಿಗೆ ಹಾಕಿದ್ದು ಸತ್ತದ್ದಲ್ಲ. ಸತ್ತದ್ದನ್ನು ಜಾಳಿಗೆಯಲ್ಲಿ ಬಿಟ್ಟು, ಅದರ ನೀರನ್ನು ಹಾಕಿದ್ದು. ನೀರನ್ನು ನೀರಿನ ಪಕ್ಕ ಇಟ್ಟು, ಎರಡೂ ಬರಿದಾದವು ನೋಡಿ ಎಂದು ಸಂಭ್ರಮಪಟ್ಟಿದ್ದು. ಗರಣೆಯಲ್ಲಿ ಏನಿತ್ತು? ಕಿಣ್ವದ ಹೆಣವಿತ್ತು, ಅದಕ್ಕೆ ಅಂಟಿಕೊಂಡು ಬ್ಯಾಕ್ಟೀರಿಯಾದ ಮೈಗೋಡೆಯ ಪುಡಿ ಇತ್ತು; ಎಷ್ಟು ಕುದಿಸಿದರೂ ಸಾಯದ, ಕಣ್ಣಿಗೆ ಕಾಣದ ಪುಡಿ. ಆ ಪುಡಿ ಸೋಕಿದರೆ ಸಾಕು, ಶ್ವಾಸನಾಳದ ಕೋಶಗಳು ಬ್ಯಾಕ್ಟೀರಿಯಾವೇ ದಾಳಿಯಿಟ್ಟಿತು ಎಂದು ಹೆದರಿ ಬಾಗಿಲು ಹಾಕಿಕೊಳ್ಳುತ್ತವೆ. ಹಾಕಿದ ಬಾಗಿಲಿಗೆ ವೈರಸ್ಸೂ ತಲೆ ಚಚ್ಚಿಕೊಂಡು ಹಿಂದಿರುಗುತ್ತದೆ. ಹಾಗಾದರೆ ಒಂದನೆಯ ಸಾಲಿನ ನೇರಳೆ ಕಿಣ್ವದ್ದೋ, ಪುಡಿಯದ್ದೋ? ಗೊತ್ತಿಲ್ಲ. ಎರಡೂ ಇರಬಹುದು. ಗೊತ್ತಿಲ್ಲ. ಈ ಕಿಣ್ವದಿಂದಲೇ ಮಾಡಿದ ಔಷಧಿಯಲ್ಲಿ ಪುಡಿ ಇಲ್ಲವೆಂದು ಪರೀಕ್ಷೆ ಮಾಡಿಸಿದ್ದೆವಲ್ಲ ಎಂದು ಒಂದು ಕ್ಷಣ ಹುಲ್ಲುಕಡ್ಡಿ ಹಿಡಿದಳು. ಆ ಪರೀಕ್ಷೆಗೂ ಕಿಣ್ವವನ್ನು ಮೊದಲು ಕುದಿಸಬೇಕಿತ್ತು. ಕುದಿಸಿ ಕಳಿಸಿದವರು ಇವರೇ. ಕುದಿಸಿದ ಮೇಲೆ ಇವರ ಕೈ ಸುಮ್ಮನಿರುತ್ತದೆಯೇ, ಸೋಸಿಯೇ ಕಳಿಸಿತ್ತು. ತಿಳಿನೀರು ಶುದ್ಧವಾಗಿದೆ ಎಂದು ಉತ್ತರ ಬಂದಿತ್ತು. ಅವಳು ತಟ್ಟೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಅದೇ ಔಷಧಿಯನ್ನು ಇವತ್ತು ಮಧ್ಯಾಹ್ನ ಅಕ್ಕನ ಎದೆಯೊಳಗೆ ಮಂಜು ಮಾಡಿ ಬಿಡುವವರಿದ್ದರು.

ಅಕ್ಕ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವವಳು. ಕಿಣ್ವದ ಕೆಲಸವನ್ನು ಅವಳಿಗೆ ವಿವರಿಸಿದ್ದು ಅವಳ ಅಂಗಡಿಯಲ್ಲಿಯೇ, ನೀಲಿ ಬಟ್ಟೆಯ ಗುಡ್ಡೆಯ ಮೇಲೆ ಕೂತು. ಆಗಿನ್ನೂ ಕಾಯಿಲೆಯ ಸುಳಿವಿರಲಿಲ್ಲ. ಕೋಶಗಳ ಮೈಮೇಲೆ ಸಕ್ಕರೆಯ ಒಂದು ತುದಿ ಚಾಚಿಕೊಂಡಿರುತ್ತದೆ, ವೈರಸ್ಸು ಅದನ್ನೇ ಹಿಡಿದು ಒಳಗೆ ನುಗ್ಗುವುದು, ಈ ಕಿಣ್ವ ಆ ತುದಿಯನ್ನು ಸವರಿಹಾಕುತ್ತದೆ, ವೈರಸ್ಸಿಗೆ ಹಿಡಿಯಲು ಏನೂ ಸಿಗುವುದಿಲ್ಲ ಎಂದೆಲ್ಲ ಇವಳು ಕೈ ಆಡಿಸಿ ಹೇಳುತ್ತಿದ್ದರೆ ಅಕ್ಕ ಬಾಯಲ್ಲಿ ಸೂಜಿ ಕಚ್ಚಿಕೊಂಡೇ, ‘ಗುಂಡಿ ಕತ್ತರಿಸ್ತೀರಿ ಅನ್ನು, ಅದಕ್ಕೆ ಇಷ್ಟುದ್ದ ಮಾತಾ?’ ಎಂದಿದ್ದಳು. ಗುಂಡಿಯ ನೆನಪು ಇಬ್ಬರಿಗೂ ಒಟ್ಟಿಗೇ ಬಂದು ಇಬ್ಬರೂ ನಕ್ಕಿದ್ದರು. ಶಾಲೆಯಲ್ಲಿ ದೊಡ್ಡ ತರಗತಿಯ ದಡೂತಿ ಹುಡುಗಿಯೊಬ್ಬಳು ಇವಳ ಕೋಟಿನ ಗುಂಡಿ ಹಿಡಿದು ಅಂಗಳದ ತುಂಬ ಎಳೆದಾಡುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ಇವಳೂ ಅವರ ಜೊತೆ ನಕ್ಕಂತೆ ಮಾಡಿ ಸಂಜೆ ಮನೆಗೆ ಬಂದು ಅಳುತ್ತಿದ್ದಳು. ಅಕ್ಕ ಯಾರ ಹತ್ತಿರವೂ ಜಗಳಕ್ಕೆ ಹೋಗಲಿಲ್ಲ. ಕೋಟಿನ ಗುಂಡಿಗಳನ್ನೆಲ್ಲ ಕಚಕಚ ಕತ್ತರಿಸಿ, ಒಳಗಡೆಗೆ ಕೊಕ್ಕೆ ಹಾಕಿ ಹೊಲಿದುಕೊಟ್ಟಳು. ಮಾರನೆಯ ದಿನ ಆ ಹುಡುಗಿಯ ಕೈ ಬಟ್ಟೆಯ ಮೇಲೆ ಜಾರಿ ಜಾರಿ ಹೋಗಿ ಅವಳ ಮುಖ ನೋಡುವ ಹಾಗಿತ್ತು. ಅಂಗಡಿಯಲ್ಲಿ ಹೀಗೆ ನಕ್ಕ ದಿನದಿಂದ ಕಿಣ್ವಕ್ಕೆ ಅಕ್ಕನ ಬಾಯಲ್ಲಿ ‘ನಿನ್ನ ಕತ್ತರಿ’ ಎಂದೇ ಹೆಸರಾಯಿತು. ಹೇಗಿದೆಯೇ ನಿನ್ನ ಕತ್ತರಿ, ಚೂಪಾಗಿದೆಯಾ? ಆಮೇಲೆ ಅಕ್ಕನ ರಕ್ತವೇ ಕೆಟ್ಟಿತು. ಇವಳ ಮಜ್ಜೆ ಹೊಂದುತ್ತದೆ ಎಂದಾಯಿತು. ಇವಳ ಸೊಂಟದ ಮೂಳೆಯಿಂದ ತೆಗೆದು ಅಕ್ಕನಿಗೆ ಹಾಕಿದರು. ಅಕ್ಕನ ರಕ್ತದ ಗುಂಪೂ ಬದಲಾಗಿ ಇವಳದ್ದೇ ಆಯಿತು. ಇನ್ನು ನಂಗೆ ಸಿಟ್ಟು ಬಂದ್ರೆ ಅದು ನಿಂದೇ ಸಿಟ್ಟು, ನೀನೇ ಅನುಭವಿಸು ಎಂದು ಅಕ್ಕ ರೇಗಿಸುತ್ತಿದ್ದಳು. ಆ ಹೊಸ ರಕ್ತಕ್ಕೆ ಇನ್ನೂ ಜಗಳವಾಡುವ ಶಕ್ತಿ ಬಂದಿಲ್ಲ ಎನ್ನುವಾಗ ಒಂದು ನೆಗಡಿ ಬಂತು. ನಮ್ಮ ನಿಮ್ಮಂಥವರು ಸೀನಿ, ಮೂಗೊರೆಸಿಕೊಂಡು ಮರೆಯುವಂಥ ನೆಗಡಿಯ ವೈರಸ್ಸು. ಅದು ಅಕ್ಕನ ಎದೆಗಿಳಿದು ಹೋಗಲೊಲ್ಲೆ ಎಂದು ಕೂತಿತು. ಆ ವಾರ ಆಸ್ಪತ್ರೆಗೆ ಹೋದಾಗ ತನ್ನ ಗಂಟಲು ತುಸು ಕೆರೆಯುತ್ತಿತ್ತಲ್ಲವೇ, ಮುಖಗವಸು ಹಾಕಿದ್ದೆ, ಆದರೂ, ಎಂದು ಅವಳು ಎಷ್ಟೋ ಸಲ ಲೆಕ್ಕ ಹಾಕಿದ್ದಳು. ಮಜ್ಜೆಯನ್ನು ಕೊಟ್ಟವಳು ವೈರಸ್ಸನ್ನೂ ತಾನೇ ಕೊಟ್ಟಿದ್ದರೆ? ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಆ ವೈರಸ್ಸಿಗೆ ಔಷಧಿಯಿಲ್ಲ. ಶ್ವಾಸಕೋಶದ ಡಾಕ್ಟರು, ಇವಳಿಗಿಂತ ಚಿಕ್ಕ ವಯಸ್ಸಿನ ಸಭ್ಯ ಮನುಷ್ಯ, ಅದನ್ನು ನೆಲ ನೋಡುತ್ತ ಹೇಳಿದ್ದರು. ನಿಮ್ಮಲ್ಲೇ ಏನೋ ಇದೆಯಂತಲ್ಲ ಎಂದು ಕೇಳಿದವರೂ ಅವರೇ. ಬೇರೆ ದಾರಿಯೇ ಇಲ್ಲದ ರೋಗಿಗೆ ಎಂದು ವಿಶೇಷ ಅನುಮತಿ ಕೇಳಿ, ಕಾಡಿ ಬೇಡಿ, ಕಡೆಗೆ ಸಿಕ್ಕಿತ್ತು. ಬೇರೆ ದಾರಿಯೇ ಇಲ್ಲ ಎಂಬ ಮಾತು ಈಗಲೂ ಅಷ್ಟೇ ನಿಜ, ಎಂದು ದೊಡ್ಡವರು ಹೇಳಿದರು. ದೊಡ್ಡವರೆಂದರೆ ಪ್ರಯೋಗಾಲಯದ ನಿರ್ದೇಶಕರು; ಅವಳು ತಟ್ಟೆಯನ್ನು ಹಿಡಿದುಕೊಂಡೇ ಅವರ ಕೋಣೆಗೆ ಹೋಗಿದ್ದಳು. ಅವರು ಕನ್ನಡಕ ಹಣೆಗೇರಿಸಿ ನೋಡಿದರು, ಇಳಿಸಿ ನೋಡಿದರು. ಅವರ ಮುಖದ ಬಣ್ಣವೂ ಒಂದು ಗಳಿಗೆ ಹಾರಿತು, ಅದನ್ನು ಕಂಡು ಇವಳಿಗೆ ಸಮಾಧಾನವೇ ಆಯಿತು. ಆದರೆ ಅವರು ಬೇಗ ಚೇತರಿಸಿಕೊಂಡರು. ಇದು ಒಂದೇ ಒಂದು ತಟ್ಟೆ ಎಂದರು. ಮತ್ತೆ ಮಾಡೋಣ, ಸೋಸಿಯೂ ಮಾಡೋಣ, ಸೋಸದೆಯೂ ಮಾಡೋಣ, ಆಮೇಲೆ ಬಾಯಿ ಬಿಡೋಣ. ಅಲ್ಲಿಯವರೆಗೆ ಅಕ್ಕನ ಉಸಿರು ಕಾಯಬೇಕಲ್ಲ ಎಂದು ಅವರು ಅನ್ನಲಿಲ್ಲ, ಆದರೆ ಮಾತಿನ ಸಂದಿಯಲ್ಲಿ ಅದು ಕೇಳುತ್ತಿತ್ತು. ಪುಡಿ ಇದ್ದರೂ ಎಷ್ಟಿದ್ದೀತು, ಆರೋಗ್ಯವಂತರು ದಿನಾ ಧೂಳಿನಲ್ಲಿ ಅದಕ್ಕಿಂತ ಹೆಚ್ಚು ಸೇದುತ್ತಾರೆ. ಅಕ್ಕ ಆರೋಗ್ಯವಂತಳಲ್ಲ ಸರ್ ಎಂದಳು. ಆ ಎದೆಗೆ ಇನ್ನೊಂದು ಕಿಡಿ ಬಿದ್ದರೆ ಹೊತ್ತಿಕೊಂಡುಬಿಡುತ್ತದೆ. ಹಾಗಂತ ಕೊಡದಿದ್ದರೆ? ಎಂದರು ಅವರು. ಆಮೇಲೆ ಅವರು ಕನ್ನಡಕ ಒರೆಸುತ್ತ, ಬೇರೆ ಯಾರದೋ ವಿಷಯ ಮಾತಾಡುವವರ ಹಾಗೆ ಕೇಳಿದರು: ‘ಆಸ್ಪತ್ರೆಯವರಿಗೆ ಏನಂತ ಹೇಳ್ತೀರಿ? ಇಷ್ಟು ವರ್ಷ ಸೋಸ್ತಾ ಕೂತಿದ್ವಿ ಅಂತಲಾ?’

ಅದರಲ್ಲಿ ‘ಸೋಸ್ತಾ ಕೂತಿದ್ವಿ’ ಎಂಬ ಮಾತು ಅವಳಿಗೆ ಆಸ್ಪತ್ರೆಗೆ ಹೋಗುವ ಬಸ್ಸಿನುದ್ದಕ್ಕೂ ಚುಚ್ಚುತ್ತಲೇ ಇತ್ತು. ಕಿಟಕಿಯ ಪಕ್ಕದ ಜಾಗ ಸಿಕ್ಕಿತ್ತು. ಹೊರಗೆ ಎಂದಿನ ರಸ್ತೆ, ಎಂದಿನ ಅಂಗಡಿಗಳು. ಒಬ್ಬ ಕನ್ನಡಿಯಂಗಡಿಯವನು ಆಳೆತ್ತರದ ಕನ್ನಡಿಯನ್ನು ರಸ್ತೆಗೆ ಮುಖಮಾಡಿ ಒರೆಸುತ್ತಿದ್ದ. ಅದರಲ್ಲಿ ಬಸ್ಸು ಹಾದುಹೋಯಿತು, ಬಸ್ಸಿನೊಳಗೆ ಬಾಯಿ ತೆರೆದುಕೊಂಡು ಕೂತ ಒಬ್ಬಳು ಹಾದುಹೋದಳು. ಅದು ತಾನೇ ಎಂದು ಆಮೇಲೆ ಹೊಳೆಯಿತು. ಬಾಯಿ ಮುಚ್ಚಿದಳು. ಲೋಕಕ್ಕೆ ಏನೂ ಆಗಿರಲಿಲ್ಲ, ಅದೇ ಅವಳಿಗೆ ವಿಚಿತ್ರವಾಗಿತ್ತು. ಎದುರು ಸೀಟಿನವನೊಬ್ಬ ಕೆಮ್ಮಿದ. ಅವನ ಗಂಟಲಿನ ಒದ್ದೆ ಗೋಡೆಯ ಮೇಲೆ ಸಾಲುಸಾಲಾಗಿ ನಿಂತ ಗುಂಡಿಗಳು ಅವಳ ಕಣ್ಣಿಗೆ ಕಂಡವು. ಎಲ್ಲರೊಳಗೂ ಗುಂಡಿಗಳು, ಎಲ್ಲರೂ ಅವನ್ನು ಬಿಚ್ಚಿಟ್ಟುಕೊಂಡು ನಿಶ್ಚಿಂತೆಯಿಂದ ಓಡಾಡುತ್ತಿದ್ದಾರೆ. ಫೋನು ತೆಗೆದು ಶ್ವಾಸಕೋಶದ ಡಾಕ್ಟರಿಗೆ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಯಾವುದೋ ರೋಗಿಯ ಎದೆಯೊಳಗೆ ಕೊಳವೆ ಇಳಿಸುತ್ತಿರಬೇಕು. ಭಾವನಿಗೆ ಮಾಡಿದಳು, ಅವರೂ ಎತ್ತಲಿಲ್ಲ. ವಾರ್ಡಿಗೆ ಮಾಡಿದಳು. ನರ್ಸು ಎತ್ತಿ, ದನಿ ಗುರುತಿಸಿ, ‘ಓ, ಕತ್ತರಿ ಅಕ್ಕನಾ? ಎಲ್ಲ ರೆಡಿ ಇದೆ, ನೀವು ಬರೋದನ್ನೇ ಕಾಯ್ತಿದಾರೆ’ ಎಂದಳು. ಅಕ್ಕ ಇಡೀ ವಾರ್ಡಿಗೆ ಕತೆ ಹೇಳಿ ಮುಗಿಸಿದ್ದಳು ಹಾಗಾದರೆ. ಇವಳು ಹೇಳಬೇಕಾದದ್ದು ಒಂದೇ ಮಾತು, ನಿಲ್ಲಿಸಿ ಎಂದು. ಬಸ್ಸಿನಲ್ಲಿ ಅಷ್ಟು ಜನರ ಎದುರು, ಆ ಖುಷಿಯ ದನಿಗೆ, ಅದನ್ನು ಹೇಳಲಾಗಲಿಲ್ಲ. ಬರ್ತಿದೀನಿ ಎಂದಷ್ಟೇ ಹೇಳಿ ಫೋನಿಟ್ಟಳು. ನೀನೆಂಥ ಹೇಡಿಯೇ ಎಂದು ತನ್ನನ್ನೇ ಬೈದುಕೊಂಡಳು, ಆದರೆ ಮತ್ತೆ ಫೋನು ಮಾಡಲಿಲ್ಲ. ಹೋಗಿ ಹೇಳುವುದೇ ಸರಿ, ಮುಖ ನೋಡಿ ಹೇಳಬೇಕಾದ ವಿಷಯ ಎಂದು ನೆಪ ಸಿಕ್ಕಿತು.

ಆ ನೆಪ ಆಸ್ಪತ್ರೆಯ ಬಾಗಿಲವರೆಗೆ ಬಾಳಿತು. ಬಾಗಿಲಿನ ಕಾವಲಿನವನು ಪಾಸು ಕೇಳಿದ. ಪಾಸು ಕೈಚೀಲದಲ್ಲಿತ್ತು, ಕೈಚೀಲ ಪ್ರಯೋಗಾಲಯದ ಮೇಜಿನ ಮೇಲಿತ್ತು. ಮೈಮೇಲೆ ಬಿಳಿ ಕೋಟು ಹಾಗೇ ಇದೆ, ಒಂದು ತೋಳು ಹಾಕಿ ಇನ್ನೊಂದು ಬಿಟ್ಟು, ಎಂಬುದು ಅವಳಿಗೆ ತಿಳಿದದ್ದು ಅವನ ಕಣ್ಣು ಅಲ್ಲಿಗೆ ಹೋದಾಗ. ಇಷ್ಟು ದೂರ ಹೀಗೇ ಬಂದಿದ್ದಳು. ಯಾರೂ ಏನೂ ಅಂದಿರಲಿಲ್ಲ, ಬಸ್ಸಿನಲ್ಲಿ ಪಕ್ಕದ ಸೀಟು ಮಾತ್ರ ಕೊನೆಯವರೆಗೂ ಖಾಲಿಯಿತ್ತು. ನೀವು ಡಾಕ್ಟರಾ ಎಂದು ಅವನು ಕೇಳಿದ. ಹೂಂ ಅಂದಿದ್ದರೆ ಬಿಡುತ್ತಿದ್ದ. ಅಲ್ಲ, ರೋಗಿಯ ತಂಗಿ ಎಂದಳು. ತಂಗಿಯಾದ್ರೆ ಪಾಸು ತೋರಿಸಿ. ಅವಳು ಎರಡನೆಯ ತೋಳನ್ನು ಹಾಕಿಕೊಂಡಳು. ಕಿಣ್ವ, ಕುದಿಸಿದ್ದು, ಗರಣೆ, ಪುಡಿ ಎಂದೇನೇನೋ ಹೇಳಹೊರಟು, ಅವನ ಮುಖದಲ್ಲಿ ಅನುಮಾನ ಹೋಗಿ ಕನಿಕರ ಬಂದುದನ್ನು ನೋಡಿ ಸುಮ್ಮನಾದಳು. ತಲೆ ಕೆಟ್ಟವರನ್ನು ನೋಡುವ ಕನಿಕರ. ಹೋಗಿ ತಾಯಿ, ಹೋಗಿ ಎಂದು ಬಿಟ್ಟ. ಲಿಫ್ಟಿನೆದುರು ಜನ ನೆರೆದಿದ್ದರು. ಭಾವ ಲಿಫ್ಟ್ ರಿಪೇರಿಯವರು. ಈ ಆಸ್ಪತ್ರೆಯ ಲಿಫ್ಟನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಇದು ಹತ್ತೋದಿಲ್ಲ, ಏಳೋದಕ್ಕೆ ಯೋಚನೆ ಮಾಡತ್ತೆ ಅಷ್ಟೇ ಎಂದು ಬಂದ ದಿನದಿಂದ ಬೈಯುತ್ತಿದ್ದರು. ಅವಳು ಮೆಟ್ಟಿಲು ಹಿಡಿದಳು. ಏರುತ್ತ ಏರುತ್ತ ಏದುಸಿರು ಬಂತು. ಅಕ್ಕನಿಗೆ ಮಲಗಿದಲ್ಲೇ ಹೀಗಾಗುತ್ತದೆ ಎಂದುಕೊಂಡಳು. ಕೊಡದಿದ್ದರೆ? ಎಂಬ ದೊಡ್ಡವರ ಪ್ರಶ್ನೆ ತಿರುವು ತಿರುವಿನಲ್ಲೂ ಎದುರು ನಿಂತಿತ್ತು. ಕೊಡದಿದ್ದರೆ ಅಕ್ಕ ಮೆಲ್ಲಗೆ ಹೋಗಬಹುದು. ಕೊಟ್ಟರೆ ಉಳಿಯಬಹುದು, ಅಥವಾ ಇವತ್ತು ಸಂಜೆಯೊಳಗೇ ಹೋಗಬಹುದು, ಹೋಗುವುದಾದರೆ ಅವಳ ಕೈಯಿಂದ ಹೋಗುವುದು. ಇದರಲ್ಲಿ ಅಕ್ಕನ ಜೀವ ಎಷ್ಟು, ತನ್ನ ಕೈ ಶುದ್ಧವಿರಲಿ ಎಂಬುದು ಎಷ್ಟು? ಅದನ್ನು ಸೋಸುವ ಜಾಳಿಗೆ ಅವಳ ಹತ್ತಿರ ಇರಲಿಲ್ಲ.

ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ, ಔಷಧಿಯನ್ನು ಮಂಜು ಮಾಡಿ ಬಿಡುವ ನೆಬುಲೈಸರಿನ ಗುಂಯ್ ಸದ್ದು ಬರುತ್ತಿತ್ತು. ಕೊಡುವುದು ಮಧ್ಯಾಹ್ನ ಅಲ್ಲವೇ? ತನಗಾಗಿ ಕಾಯುತ್ತಿದ್ದಾರೆ ಎಂದಿರಲಿಲ್ಲವೇ? ಒಳಗೆ ನುಗ್ಗಿದಳು. ಅಕ್ಕ ದಿಂಬಿಗೊರಗಿ ಕೂತಿದ್ದಳು. ಮೂಗು ಬಾಯಿ ಮುಚ್ಚಿದ ಹಸಿರು ಮಾಸ್ಕಿನ ತೂತುಗಳಿಂದ ಬಿಳಿ ಮಂಜು ಉಕ್ಕಿ ಅವಳ ಕೆನ್ನೆಯ ಮೇಲೆ ಹರಿಯುತ್ತಿತ್ತು, ಮಂಜಿನ ಮೇಲಿಂದ ಕಣ್ಣು ನಗುತ್ತಿತ್ತು. ಭಾವ ಮಂಚದ ತಲೆಯ ಹತ್ತಿರ ನಿಂತು ಮಾಸ್ಕಿನ ದಾರ ಸರಿಮಾಡುತ್ತಿದ್ದರು. ಅವಳು ನೇರ ಹೋಗಿ, ಗೋಡೆಯಿಂದ ಪ್ಲಗ್ಗನ್ನು ವೈರಿನ ಸಮೇತ ಕಿತ್ತಳು. ಯಂತ್ರ ನರಳಿ ನಿಂತಿತು. ಮಾಸ್ಕಿಗೆ ಕೈಹಾಕಿ ಎಳೆದಳು. ದಾರ ಅಕ್ಕನ ಕಿವಿಗೆ ಸಿಕ್ಕಿಕೊಂಡು, ಅಕ್ಕ ಹಾ ಎಂದಳು. ಭಾವ ಇವಳ ರಟ್ಟೆ ಹಿಡಿದು ಹಿಂದಕ್ಕೆಳೆದರು. ಇಷ್ಟು ವರ್ಷದಲ್ಲಿ ಅವರು ಅವಳ ಮೈಮುಟ್ಟಿ ಮಾತಾಡಿದವರಲ್ಲ.

‘ಏನಾಯ್ತು ನಿಂಗೆ? ತಲೆ ಕೆಟ್ಟಿದೆಯಾ?’

‘ಭಾವ, ಅದು ಸರಿಯಿಲ್ಲ. ಕೊಡಬಾರದು.’

ಆಮೇಲೆ ಹೇಳಿದಳು. ನಿಂತೇ, ಕಿತ್ತ ವೈರನ್ನು ಕೈಯಲ್ಲಿ ಹಿಡಿದುಕೊಂಡೇ, ತಡವರಿಸುತ್ತ, ಹಿಂದುಮುಂದಾಗಿ ಹೇಳಿದಳು. ಕುದಿಸಿದ್ದನ್ನು ಸೋಸುತ್ತಿದ್ದುದು, ಸೋಸದೆ ಹಾಕಿದಾಗ ಸತ್ತದ್ದೂ ಬದುಕಿದ್ದರಷ್ಟೇ ಕೆಲಸ ಮಾಡಿದ್ದು, ಹಾಗಾದರೆ ಕೆಲಸ ಮಾಡಿದ್ದು ಕತ್ತರಿಯೋ ಕತ್ತರಿಗೆ ಅಂಟಿದ ಕೊಳೆಯೋ ಗೊತ್ತಿಲ್ಲದಿರುವುದು, ಆ ಕೊಳೆ ಈ ಎದೆಗೆ ಬೆಂಕಿಯಾಗಬಹುದಾದದ್ದು. ಪರೀಕ್ಷೆಗೆ ಕಳಿಸಿದ್ದನ್ನೂ ಸೋಸಿದ್ದೆವು ಎಂಬಲ್ಲಿಗೆ ಬಂದಾಗ ದನಿ ಇಳಿಯಿತು, ಆದರೂ ಅದನ್ನೂ ಹೇಳಿದಳು. ಭಾವನ ಹಿಡಿತ ಮೆಲ್ಲಗೆ ಸಡಿಲವಾಯಿತು. ಅವರು ದಿನವಿಡೀ ಯಂತ್ರಗಳ ಜೊತೆ ಇರುವವರು, ಅರ್ಥವಾಗದೆ ಏನಿಲ್ಲ. ಆದರೆ ಅರ್ಥ ಮಾಡಿಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ. ಎರಡೂ ಕೆಲಸ ಮಾಡಿತು ಅಂದರೆ ಒಳ್ಳೆಯದೇ ಅಲ್ಲವೇನಮ್ಮ, ಡಬಲ್ ಆಯಿತಲ್ಲ ಎಂದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ಮೂಡಿದ ಸಣ್ಣ ಆಸೆಯನ್ನು ನೋಡಲಾಗದೆ ಅವಳು ಕೈಯಲ್ಲಿದ್ದ ಪ್ಲಗ್ಗಿನ ಮೂರು ಹಲ್ಲು ನೋಡಿದಳು. ಅಕ್ಕ ಇಷ್ಟು ಹೊತ್ತೂ ಉಸಿರು ಕೂಡಿಸಿಕೊಳ್ಳುತ್ತಿದ್ದಳು. ಅವಳ ಕುತ್ತಿಗೆಯ ಗುಳಿ ಒಳಕ್ಕೆ ಹೋಗುತ್ತಿತ್ತು, ಹೊರಕ್ಕೆ ಬರುತ್ತಿತ್ತು. ಒಂದು ಮಾತಿಗೆ ಬೇಕಾದಷ್ಟು ಗಾಳಿ ಸೇರಿದ ಮೇಲೆ ಹೇಳಿದಳು:

‘ಹಾಗಾದ್ರೆ... ಆ ಸತ್ತದ್ದನ್ನೇ ಕೊಡೇ.’

ಬಸ್ಸಿನಲ್ಲಿ, ಮೆಟ್ಟಿಲ ಮೇಲೆ, ದೊಡ್ಡವರಿಗೆ, ಡಾಕ್ಟರಿಗೆ, ಭಾವನಿಗೆ, ಎಲ್ಲರ ಎಲ್ಲ ಪ್ರಶ್ನೆಗೂ ಅವಳು ಉತ್ತರ ಜೋಡಿಸಿಕೊಂಡು ಬಂದಿದ್ದಳು. ಇದೊಂದು ಪ್ರಶ್ನೆ ಅವಳಿಗೆ ಹೊಳೆದಿರಲಿಲ್ಲ. ಅಕ್ಕ ತಮಾಷೆಗೆ ಹೇಳಿದಳೋ ಎಂದು ಮುಖ ನೋಡಿದಳು. ತಮಾಷೆಯಿರಲಿಲ್ಲ. ಗಿರಾಕಿಯೊಬ್ಬರು, ಆ ಬಟ್ಟೆ ಇಲ್ಲದಿದ್ದರೆ ಈ ಬಟ್ಟೆಯಲ್ಲಿ ಹೊಲಿದುಕೊಡಿ ಅಂದ ಹಾಗೆ ಕೇಳಿದ್ದಳು. ಇಲ್ಲ ಅಕ್ಕ, ಆಗಲ್ಲ, ಅದರಲ್ಲೂ ಆ ಕೊಳೆಯೇ ಇರೋದು ಎಂದು ಅವಳು ಹೇಳಿದ್ದು ಪಿಸುಮಾತಿಗಿಂತ ಜೋರಾಗಿರಲಿಲ್ಲ. ಅಕ್ಕ ತಲೆಯಾಡಿಸಿದಳು. ಸಿಟ್ಟು ಮಾಡಲಿಲ್ಲ, ಅಳಲಿಲ್ಲ. ಮಾಸ್ಕಿನ ದಾರ ಉಜ್ಜಿದ ಕಿವಿಯನ್ನು ಸವರಿಕೊಂಡಳು. ಮತ್ತೆ ಗಾಳಿ ಕೂಡಿಸಿಕೊಂಡಳು. ‘ಅಲ್ಲ ಕಣೇ... ನೀನು ಬರೋ ಹೊತ್ತಿಗೆ... ಎಷ್ಟು ಹಗುರ ಆಗಿತ್ತು ಗೊತ್ತಾ ಎದೆ. ನಾಲ್ಕು ಉಸಿರಿಗೇ. ನಿನ್ನ ಕತ್ತರಿ ಅಂದ್ರೆ ಸುಮ್ನೇನಾ ಅಂತ... ಇವ್ರಿಗೆ ಕೈಸನ್ನೆ ಮಾಡ್ದೆ.’ ಭಾವ ಹೌದೆಂದು ತಲೆಯಾಡಿಸಿದರು. ಹೆಬ್ಬೆರಳೆತ್ತಿ ತೋರಿಸಿದಳು, ನಾನೇ ನೋಡಿದೆ ಎಂದರು. ಹಾಗಾದರೆ ಕೆಲಸ ಮಾಡುತ್ತಿತ್ತೇ? ಕಣ್ಣೆದುರಿಗೇ ಬದುಕುತ್ತಿದ್ದ ಅಕ್ಕನ ಬಾಯಿಂದ ಕಿತ್ತುಕೊಂಡೆನೇ?

ಬಾಗಿಲಲ್ಲಿ ನರ್ಸು ನಿಂತಿದ್ದಳು. ಸದ್ದು ಕೇಳಿ ಓಡಿಬಂದವಳು ಯಾವಾಗಿನಿಂದ ನಿಂತಿದ್ದಳೋ. ಅವಳ ಕೈಯಲ್ಲಿ ಮಂಜುಗಡ್ಡೆಯ ಸಣ್ಣ ಡಬ್ಬಿ ಇತ್ತು, ಡಬ್ಬಿಯೊಳಗೆ ಹೆಬ್ಬೆರಳಿನಷ್ಟು ಗಾತ್ರದ ಸೀಸೆ, ಸೀಸೆಯ ಬಾಯಿಗೆ ಇರುವೆ ತಾನೇ ಕೂತು ಸುತ್ತಿದ ಹಳದಿ ಪಟ್ಟಿ. ಪಟ್ಟಿ ಹರಿದಿರಲಿಲ್ಲ.

‘ಔಷಧಿ ಇನ್ನೂ ಹಾಕಿಲ್ಲ,’ ಎಂದಳು ನರ್ಸು. ‘ಡಾಕ್ಟರು ಬರದೆ ಹಾಕೋ ಹಾಗಿಲ್ಲ. ಮಷೀನು ಸರಿ ಇದೆಯಾ ಅಂತ ನೋಡಕ್ಕೆ ಉಪ್ಪುನೀರು ಬಿಟ್ಟಿದ್ದೆ.’

ಭಾವ ಸೀಸೆಯನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಮತ್ತೆ ಸೀಸೆಯನ್ನು ನೋಡಿದರು. ಅವರ ಹೆಬ್ಬೆರಳು ತನ್ನಷ್ಟಕ್ಕೆ ಮುಷ್ಟಿಯೊಳಗೆ ಹೋಯಿತು. ಅವಳ ಕಣ್ಣಿಗೆ ಬೆಳಗಿನ ತಟ್ಟೆ ಬಂತು, ಅದರ ಮೂರನೆಯ ಸಾಲು. ಬರಿದಾಗಿದ್ದ ಸಾಲು. ಅದನ್ನು ಅವಳು ಇವತ್ತು ಸರಿಯಾಗಿ ನೋಡಿರಲೂ ಇಲ್ಲ. ಬದುಕಿದ್ದು ಕೆಲಸ ಮಾಡಿತು, ಸತ್ತದ್ದು ಕೆಲಸ ಮಾಡಿತು, ಈಗ ಇಲ್ಲಿ, ಈ ಮಂಚದ ಮೇಲೆ, ಎಲ್ಲರ ಎದುರಿಗೆ ನೀರೂ ಕೆಲಸ ಮಾಡಿತ್ತು. ಇನ್ನು ಯಾವುದರ ಪಕ್ಕ ಯಾವುದನ್ನಿಟ್ಟು ನೋಡುವುದು? ಅಕ್ಕನಿಗೆ ಇದು ಕೇಳಿಸದಿದ್ದರೆ ಚೆನ್ನಾಗಿತ್ತು ಎಂದುಕೊಂಡಳು, ಕೇಳಿಸಿತ್ತು. ಅಕ್ಕನ ಕಣ್ಣು ದೊಡ್ಡದಾಯಿತು. ಯಂತ್ರದ ಪುಟ್ಟ ಬಟ್ಟಲನ್ನೇ ನೋಡುತ್ತಿದ್ದಳು. ಅದರ ತಳದಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು, ಬಣ್ಣವಿಲ್ಲದ್ದು, ಅ‌ಲುಗಾಡದ್ದು. ಎದೆಯ ಮೇಲೆ ಅಂಗೈ ಊರಿ, ಒಳಗೆ ಈಗ ಏನಾಗುತ್ತಿದೆ ಎಂದು ಕೇಳಿಸಿಕೊಳ್ಳುವವಳ ಹಾಗೆ ತಲೆ ಓರೆ ಮಾಡಿದಳು. ಆ ಹಗುರ ಎಲ್ಲಿಂದ ಬಂದಿತ್ತೋ ಅಲ್ಲಿಗೇ ಹೋಗುತ್ತಿರುವುದು ಅವಳ ಮುಖದ ಮೇಲೆ ಕಾಣುತ್ತಿತ್ತು.

‘ನೀರಾ?’ ಎಂದಳು.

‘ನೀರು ಅಕ್ಕ. ಬರೀ ಉಪ್ಪುನೀರು.’

ಅಕ್ಕನಿಗೆ ನಗು ಬಂದಿರಬೇಕು, ಅದು ಕೆಮ್ಮಾಯಿತು. ಕೆಮ್ಮು ಬಹಳ ಹೊತ್ತು ಬಿಡಲಿಲ್ಲ. ಭಾವ ಬೆನ್ನು ನೀವಿದರು, ನರ್ಸು ಡಬ್ಬಿಯನ್ನು ಮೇಜಿನ ಮೇಲಿಟ್ಟು ಓಡಿಬಂದು ದಿಂಬು ಎತ್ತರಿಸಿದಳು. ಅವಳು ಮಾತ್ರ ನಿಂತಲ್ಲೇ ನಿಂತಿದ್ದಳು. ಕೆಮ್ಮು ನಿಂತಾಗ ಅಕ್ಕನ ತುಟಿಯ ಸುತ್ತ ತುಸು ನೀಲಿಯಿತ್ತು. ಅಕ್ಕ ಕಣ್ಣು ಮುಚ್ಚಿಕೊಂಡೇ ಕೈ ಚಾಚಿದಳು. ತನ್ನ ಕೈ ಹಿಡಿಯುವುದಕ್ಕೆ ಎಂದುಕೊಂಡು ಅವಳು ಮುಂದೆ ಹೋದಳು. ಅಕ್ಕನ ಕೈ ಅವಳ ಕೋಟಿನ ಎದೆಯ ಮೇಲೆ ತಡಕಾಡಿ ಒಂದು ಗುಂಡಿಯನ್ನು ಹಿಡಿದುಕೊಂಡಿತು, ಹಿಡಿದು ಹತ್ತಿರಕ್ಕೆ ಎಳೆಯಿತು. ಅವಳು ಬಗ್ಗಿದಳು. ಅಕ್ಕನ ಉಸಿರು ಅವಳ ಕಿವಿಗೆ ಬಿಸಿಯಾಗಿ ತಗುಲಿತು.

‘ನೀರಾದ್ರೂ ಹಾಕೇ.’

ಅವಳು ನರ್ಸಿನ ಮುಖ ನೋಡಿದಳು. ನರ್ಸು, ಅದಕ್ಕೇನೂ ತೊಂದರೆಯಿಲ್ಲ, ಹಾಕಬಹುದು ಎಂದು ಮಾಸ್ಕನ್ನು ಮತ್ತೆ ಅಕ್ಕನ ಮುಖಕ್ಕೆ ಕೂರಿಸಿದಳು. ಕೈಯಲ್ಲಿದ್ದ ವೈರು ಬೆವರಿಗೆ ಒದ್ದೆಯಾಗಿತ್ತು. ಅದನ್ನು ಕೋಟಿಗೆ ಒರೆಸಿದಳು. ಅಕ್ಕ ಗುಂಡಿ ಬಿಟ್ಟಿರಲಿಲ್ಲ, ಆದ್ದರಿಂದ ಬಗ್ಗಿಕೊಂಡೇ, ಒಂದು ಕೈ ಹಿಂದಕ್ಕೆ ಚಾಚಿ, ಗೋಡೆಯ ಮೇಲೆ ಪ್ಲಗ್ಗಿನ ತೂತುಗಳನ್ನು ಹುಡುಕಬೇಕಾಯಿತು. ಎರಡು ಸಲ ತಪ್ಪಿತು. ಮೂರನೆಯ ಸಲ ಕೂತು, ಯಂತ್ರ ಮತ್ತೆ ಗುಂಯ್ಗುಡತೊಡಗಿತು.